ಕ್ರಾಸುಗಳಲ್ಲಿ ನಡೆದು ಅರಿತ ಮಲ್ಲೇಶ್ವರ

ಮಲ್ಲೇಶ್ವರವನ್ನು ನೋಡಬೇಕೆಂದು ಬರುವವರಲ್ಲಿ ಹೆಚ್ಚಿನವರು ಸಂಪಿಗೆ ರಸ್ತೆಯ ಉದ್ದಕ್ಕೂ ನಡೆದು, ಅಂಗಡಿಗಳನ್ನು ಕಂಡು ಹಿಂದಿರುಗುತ್ತಾರೆ. ನನಗೆ ಈ ಬಡಾವಣೆಯ ಪರಿಚಯವಾದದ್ದು ಅದರ ಕ್ರಾಸುಗಳಿಂದ. 1898ರಲ್ಲಿ ಬೆಂಗಳೂರಿನ ಪೇಟೆಯಲ್ಲಿ ಪ್ಲೇಗು ಹಬ್ಬಿದ ಕಾಲಕ್ಕೆ, ಗಾಳಿ ಬೆಳಕಿರುವ ಕಡೆ ಜನ ನೆಲೆಸಲೆಂದು ರೂಪುಗೊಂಡ ಬಡಾವಣೆ ಇದು. ಆದ್ದರಿಂದಲೇ ಇಲ್ಲಿನ ಬೀದಿಗಳು ನೇರವಾಗಿವೆ, ಮನೆಗಳ ಹಿಂಬದಿಯಲ್ಲಿ ನೈರ್ಮಲ್ಯದ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಓಣಿಗಳಿವೆ. ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಕ್ರಾಸಿನ ಸಂಖ್ಯೆ ಏರುತ್ತದೆ ಎಂಬುದೊಂದು ತಿಳಿದಿದ್ದರೆ ಭೂಪಟದ ಅಗತ್ಯವೇ ಬೀಳುವುದಿಲ್ಲ.

ನಾನು ಹೊರಡುವುದು ಬೆಳಿಗ್ಗೆ, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು. ಕೊಳ್ಳುವ ಕೆಲಸವಿದ್ದಾಗ ನಡಿಗೆ ತಾನಾಗಿ ನಿಧಾನವಾಗುತ್ತದೆ, ಜನರೊಡನೆ ಮಾತಿಗೂ ನೆಪ ಸಿಗುತ್ತದೆ. 8ನೇ ಕ್ರಾಸಿನ ಸುತ್ತಮುತ್ತ ಹೂವಿನವರ ಬಳಿ "ಮೊಳ ಎಷ್ಟಮ್ಮ?" ಎಂದು ಕೇಳಿದರೆ ಸಾಕು, ಆಕೆ ಬುಟ್ಟಿಯಿಂದ ಮಲ್ಲಿಗೆಯ ದಂಡೆಯನ್ನು ಎಳೆದು, ಮೊಳಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆದು, ಕೊನೆಯಲ್ಲಿ ಎರಡು ಬೆರಳಗಲ ಹೆಚ್ಚು ಬಿಟ್ಟು ಕತ್ತರಿಸಿ, ಬಾಳೆ ಎಲೆಯಲ್ಲಿ ಸುತ್ತಿ ಕೊಡುತ್ತಾಳೆ. ಆ ಎರಡು ಬೆರಳಿನ ಕೊಸರು ಸಿಗುವುದು ಮತ್ತೆ ಮತ್ತೆ ಬರುವ ಗಿರಾಕಿಗೆ. ಹಾಗಾಗಿ ಒಬ್ಬರ ಬಳಿಯೇ ಕೊಳ್ಳುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ.

ಅಲ್ಲಿಂದ ಮುಂದೆ ಮುಖ್ಯರಸ್ತೆಯನ್ನು ಬಿಟ್ಟು ಒಳಗಿನ ಬೀದಿಗಳಲ್ಲೇ 15ನೇ ಕ್ರಾಸಿನವರೆಗೆ ಸಾಗುತ್ತೇನೆ. ಮರದ ಬೇರುಗಳು ಕಾಲುದಾರಿಯ ಚಪ್ಪಡಿಗಳನ್ನು ಅಲ್ಲಲ್ಲಿ ಎತ್ತಿರುವುದರಿಂದ ಗಟ್ಟಿ ಅಡಿಯ ಪಾದರಕ್ಷೆ ಬೇಕು. ಬಡಾವಣೆಗೆ ಹೆಸರು ಕೊಟ್ಟ ಕಾಡು ಮಲ್ಲೇಶ್ವರನ ಗುಡಿ ಇರುವುದು ಇಲ್ಲಿಯೇ. ಇದು 17ನೇ ಶತಮಾನದ್ದು. ಶಿವಾಜಿಯ ಮಲಸೋದರ ವೆಂಕೋಜಿಯ ಹೆಸರು ಇದರೊಡನೆ ಸೇರಿಕೊಂಡಿದೆ. ಎದುರಿಗಿರುವ ನಂದಿತೀರ್ಥಕ್ಕೆ ಮೆಟ್ಟಿಲಿಳಿದು ಹೋಗಬೇಕು: ನಂದಿಯ ಬಾಯಿಂದ ಬೀಳುವ ನೀರು ಲಿಂಗದ ಮೇಲೆ ಸುರಿದು ಕಲ್ಯಾಣಿಯನ್ನು ಸೇರುತ್ತದೆ. ಮಣ್ಣಿನಡಿ ಹೂತುಹೋಗಿದ್ದ ಈ ತಾಣ 1990ರ ದಶಕದ ಕೊನೆಯಲ್ಲಷ್ಟೇ ಮತ್ತೆ ಬೆಳಕಿಗೆ ಬಂದಿತು. ಇಷ್ಟು ಹಳೆಯ ಊರಿನ ನಡುವೆ ಇಂಥದ್ದೊಂದು ಮರೆಯಾಗಿತ್ತೆಂಬುದು ಇಂದಿಗೂ ನನ್ನಲ್ಲಿ ಬೆರಗು ಹುಟ್ಟಿಸುತ್ತದೆ.

ಹಸಿವಾಗುವ ಹೊತ್ತಿಗೆ ಮಾರ್ಗೋಸಾ ರಸ್ತೆ ಹತ್ತಿರದಲ್ಲೇ ಇರುತ್ತದೆ. ವೀಣಾ ಸ್ಟೋರ್ಸಿನ ಮುಂದೆ ತಟ್ಟೆ ಹಿಡಿದು ನಿಂತೇ ಇಡ್ಲಿ ಚಟ್ನಿ ತಿನ್ನುವುದು ವಾಡಿಕೆ. ಕುಳಿತು ಬೆಣ್ಣೆ ಮಸಾಲೆ ದೋಸೆ ತಿನ್ನಬೇಕೆನ್ನುವವರು 7ನೇ ಕ್ರಾಸಿನ ಸಿಟಿಆರ್ ಹೋಟೆಲಿಗೆ ಹಿಂದಿರುಗಬೇಕು, ಭಾನುವಾರವಾದರೆ ಕಾಯುವ ತಾಳ್ಮೆಯೂ ಬೇಕು. ನಿಂತು ತಿನ್ನುವುದೇ ನನಗೆ ಇಷ್ಟ, ಏಕೆಂದರೆ ಪಕ್ಕದಲ್ಲಿ ನಿಂತ ಹಿರಿಯರು ಕೇಳದೆಯೇ ಹಳೆಯ ಮನೆಗಳ ಕಥೆ ಹೇಳುತ್ತಾರೆ.

ಬಿಸಿಲೇರುವ ಮುನ್ನ ಕಾಲಿಗೆ ಇನ್ನೂ ಕಸುವಿದ್ದರೆ, 18ನೇ ಕ್ರಾಸನ್ನು ದಾಟಿ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯವರೆಗೂ ಹೋಗಬಹುದು. ಕಾರ್ತಿಕದಲ್ಲಿ ಬರುವವರು ಮಾತ್ರ ಕಾಡು ಮಲ್ಲೇಶ್ವರನ ಕಡಲೆಕಾಯಿ ಪರಿಷೆಯ ದಿನವನ್ನು ಮೊದಲೇ ವಿಚಾರಿಸಿಕೊಳ್ಳಲಿ. ಅಂದು ಗುಡಿಯ ಸುತ್ತಲಿನ ಬೀದಿಗಳಲ್ಲಿ ಕಡಲೆಕಾಯಿಯ ರಾಶಿಗಳ ನಡುವೆ ಹೆಜ್ಜೆಯಿಡಲು ಬಹಳ ಹೊತ್ತು ಹಿಡಿಯುತ್ತದೆ.