ಕನೆಕ್ಟಿಂಗ್ ಫ್ಲೈಟ್ ತಪ್ಪಿದರೆ ಹೊಣೆ ಯಾರದು? ಬುಕ್ ಮಾಡುವ ಮುಂಚೆಯೇ ನೋಡಿಕೊಳ್ಳಿ

ಒಂದೇ ವೆಬ್‌ಸೈಟಿನಲ್ಲಿ ಒಂದೇ ಸಲ ದುಡ್ಡು ಕಟ್ಟಿದ ಮಾತ್ರಕ್ಕೆ ಎರಡು ವಿಮಾನಗಳು ಒಂದೇ ಟಿಕೆಟ್ ಆಗಿಬಿಡುವುದಿಲ್ಲ. ಎರಡೂ ಒಂದೇ ಕಂಪನಿಯ ವಿಮಾನಗಳಾದರೂ ಅಷ್ಟೇ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ನಿಮ್ಮನ್ನು ಊರು ಮುಟ್ಟಿಸುವ ಹೊಣೆ ಏರ್‌ಲೈನ್‌ಗೆ ಬರುವುದು ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದಾಗ ಮಾತ್ರ.

ಅದನ್ನು ತಿಳಿಯಲು ಪಿಎನ್‌ಆರ್ ನೋಡಿದರೆ ಸಾಲದು. ಒಂದೇ ಟಿಕೆಟ್‌ಗೆ ಎರಡು ಏರ್‌ಲೈನ್‌ಗಳು ತಮ್ಮ ತಮ್ಮ ಪಿಎನ್‌ಆರ್ ಕೊಡುವುದುಂಟು. ಇ-ಟಿಕೆಟ್‌ನಲ್ಲಿರುವ 13 ಅಂಕಿಗಳ ಟಿಕೆಟ್ ಸಂಖ್ಯೆ ನೋಡಿ. ಮೊದಲ ಮೂರು ಅಂಕಿ ಏರ್‌ಲೈನಿನದು: ಏರ್ ಇಂಡಿಯಾ ಆದರೆ 098, ಎಮಿರೇಟ್ಸ್ ಆದರೆ 176. ಎಲ್ಲ ವಿಮಾನಗಳ ಎದುರೂ ಅದೇ 13 ಅಂಕಿಗಳ ಸಂಖ್ಯೆ ಇದ್ದರೆ ನಿಶ್ಚಿಂತೆ. ನಾಲ್ಕಕ್ಕಿಂತ ಹೆಚ್ಚು ವಿಮಾನಗಳಿದ್ದರೆ ಒಂದರ ಹಿಂದೊಂದು ಬರುವ ಎರಡು ಸಂಖ್ಯೆಗಳಿರಬಹುದು, ಅದೂ ಸರಿಯೇ. ಆದರೆ ಟಿಕೆಟ್ ಸಂಖ್ಯೆ ಬರುವುದು ದುಡ್ಡು ಕಟ್ಟಿದ ಮೇಲೆ. ಆದ್ದರಿಂದ ಕಟ್ಟುವ ಮುಂಚೆ ಪುಟದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಹುಡುಕಿ. ಇದ್ದರೆ ಅದು ಬೇರೆ ಬೇರೆ ಟಿಕೆಟ್.

ಬೇರೆ ಟಿಕೆಟ್ ಆದರೆ ಆಗುವುದೇನು? ಮಂಗಳೂರು–ಮುಂಬೈ ಒಂದು, ಮುಂಬೈ–ಲಂಡನ್ ಇನ್ನೊಂದು ಎಂದುಕೊಳ್ಳಿ. ಮುಂಬೈನಲ್ಲಿ ಲಗೇಜ್ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಟರ್ಮಿನಲ್ 1ರಲ್ಲಿ ಇಳಿದರೆ ಟರ್ಮಿನಲ್ 2ಕ್ಕೆ ರಸ್ತೆಯಲ್ಲೇ ಹೋಗಬೇಕು. ಅಂತರರಾಷ್ಟ್ರೀಯ ಚೆಕ್-ಇನ್ ಸಾಮಾನ್ಯವಾಗಿ ವಿಮಾನ ಹೊರಡುವ 60ರಿಂದ 75 ನಿಮಿಷ ಮೊದಲೇ ಮುಚ್ಚುತ್ತದೆ. ತಪ್ಪಿದರೆ ಲಂಡನ್ ಏರ್‌ಲೈನಿನ ಲೆಕ್ಕದಲ್ಲಿ ನೀವು ‘ನೋ-ಶೋ’, ಅಂದರೆ ಬಾರದೆ ಉಳಿದ ಪ್ರಯಾಣಿಕ. ವಾಪಸು ಬರುವ ವಿಮಾನವೂ ಸಾಮಾನ್ಯವಾಗಿ ರದ್ದಾಗುತ್ತದೆ. ಬದಲಾಯಿಸುವ ಜಾಗ ವಿದೇಶದಲ್ಲಿದ್ದರೆ ಇನ್ನೂ ಕಷ್ಟ. ಲಗೇಜ್ ತೆಗೆದುಕೊಳ್ಳಲು ವಲಸೆ ತಪಾಸಣೆ ದಾಟಿ ಹೊರಬರಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಬೇಕಾದ ವೀಸಾ ಇಲ್ಲದಿದ್ದರೆ ಮೊದಲ ವಿಮಾನವನ್ನೇ ಹತ್ತಗೊಡದಿರಬಹುದು.

ಬೇರೆ ಟಿಕೆಟ್ ಅನಿವಾರ್ಯವಾದರೆ ನಡುವೆ ಒಂದು ರಾತ್ರಿ ಬಿಡಿ. ಮೂರು ಗಂಟೆ ಸಾಕು ಎಂಬ ಲೆಕ್ಕವನ್ನು ಮಳೆಗಾಲದ ಒಂದು ಸಂಜೆ ಬುಡಮೇಲು ಮಾಡುತ್ತದೆ.

ಇನ್ನು ಸ್ಟಾಪ್‌ಓವರ್. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ನಡುವಿನ ಊರಲ್ಲಿ 24 ಗಂಟೆ ಮೀರಿದರೆ ಅದು ಸ್ಟಾಪ್‌ಓವರ್, ಅದಕ್ಕಿಂತ ಕಡಿಮೆಯಾದರೆ ಬರಿಯ ಟ್ರಾನ್ಸಿಟ್. ಸ್ಟಾಪ್‌ಓವರ್‌ಗೆ ದರ ಏರಬಹುದು, ತೆರಿಗೆಯೂ ಬೀಳಬಹುದು: ಲಂಡನ್‌ನಲ್ಲಿ 24 ಗಂಟೆ ದಾಟಿದರೆ ಬ್ರಿಟನ್ನಿನ ವಿಮಾನ ಪ್ರಯಾಣಿಕ ತೆರಿಗೆ ಸೇರುತ್ತದೆ. ಎರಡು ದಿನ ಇಳಿದು ಹೋಗುವ ಆಸೆಯಿದ್ದರೆ ‘ಮಲ್ಟಿ-ಸಿಟಿ’ ಆಯ್ಕೆಯಲ್ಲಿ ಒಂದೇ ಟಿಕೆಟ್ ಮಾಡಿಸಿ. ನಡುವಿನ ಊರಲ್ಲೇ ಉಳಿದು ಮುಂದಿನ ವಿಮಾನ ಬಿಟ್ಟುಬಿಟ್ಟರೆ ಉಳಿದದ್ದೆಲ್ಲ ರದ್ದಾಗುತ್ತದೆ.

ಒಂದೇ ಟಿಕೆಟ್‌ನಲ್ಲಿ ಕನೆಕ್ಷನ್ ತಪ್ಪಿದರೆ ಗಾಬರಿಯಲ್ಲಿ ಹೊಸ ಟಿಕೆಟ್ ಕೊಳ್ಳಬೇಡಿ. ನೇರ ಟ್ರಾನ್ಸ್‌ಫರ್ ಕೌಂಟರ್‌ಗೆ ಹೋಗಿ, ಸರದಿಯಲ್ಲಿ ನಿಂತಿರುವಾಗಲೇ ಏರ್‌ಲೈನ್ ಆ್ಯಪ್‌ನಲ್ಲೂ ನೋಡಿ. ಎಷ್ಟೋ ಸಲ ಮುಂದಿನ ಸೀಟು ಅಲ್ಲಿ ಆಗಲೇ ಬಂದಿರುತ್ತದೆ. ತಡವಾದದ್ದಕ್ಕೆ ಲಿಖಿತ ಕಾರಣ ಕೇಳಿ ಪಡೆಯಿರಿ. ಬೋರ್ಡಿಂಗ್ ಪಾಸ್, ಊಟದ ಬಿಲ್ ಎಸೆಯಬೇಡಿ.

ಪರಿಹಾರ ಹಾರಾಟದ ದಿಕ್ಕಿನ ಮೇಲೂ ನಿಂತಿದೆ. ಐರೋಪ್ಯ ಒಕ್ಕೂಟದ 261/2004 ನಿಯಮದಂತೆ ಪ್ಯಾರಿಸ್–ದುಬೈ–ಬೆಂಗಳೂರು ಒಂದೇ ಬುಕಿಂಗ್ ಆಗಿದ್ದು, ಎಮಿರೇಟ್ಸ್‌ನ ಕಾರಣದಿಂದ ನಾಲ್ಕು ಗಂಟೆಗೂ ಹೆಚ್ಚು ತಡವಾಗಿ ಬೆಂಗಳೂರು ಮುಟ್ಟಿದರೆ 600 ಯೂರೋ ಕೇಳಬಹುದು. ಅದೇ ಎಮಿರೇಟ್ಸ್‌ನಲ್ಲಿ ಬೆಂಗಳೂರಿನಿಂದ ಪ್ಯಾರಿಸ್‌ಗೆ ಹೋಗುವಾಗ ಈ ಹಕ್ಕಿಲ್ಲ. ಏರ್ ಫ್ರಾನ್ಸ್‌ನಲ್ಲಿ ಹೋದರೆ ಇದೆ. ಹವಾಮಾನ ಕೆಟ್ಟು ತಡವಾದರೆ ಹಣ ಸಿಗದು, ಊಟ ಮತ್ತು ಹೋಟೆಲ್ ಮಾತ್ರ ಕೊಡಲೇಬೇಕು. ಲಗೇಜ್ ತಡವಾಗಿ ಸಿಕ್ಕಿದರೆ, ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಿ.