ಕಿತ್ತ ಕಳೆ ಎಸೀಬೇಡಿ, ಗೊಬ್ಬರದ ನೀರು ಮಾಡ್ಕೊಳ್ಳಿ
ಕೈತೋಟದಲ್ಲಿ ಕಿತ್ತ ಕಳೆನ ದಯವಿಟ್ಟು ಎಸೀಬೇಡಿ ಫ್ರೆಂಡ್ಸ್, ಬೀಜ ಕಟ್ಟೋಕೆ ಮುಂಚೆನೇ ಕಿತ್ತು ಸಣ್ಣಗೆ ಕತ್ತರಿಸಿ ಬಕೆಟ್‌ಗೆ ಅರ್ಧ ತುಂಬಿ, ಮುಳುಗೋಷ್ಟು ನೀರು ಹಾಕಿ ಮೇಲೊಂದು ಕಲ್ಲಿಡಿ, ಮುಚ್ಚಳ ಸಡಿಲವಾಗಿರ್ಲಿ ಯಾಕಂದ್ರೆ ಒಳಗೆ ಗ್ಯಾಸ್ ಆಗುತ್ತೆ. ದಿನಾ ಒಂದ್ಸಲ ಕೋಲಲ್ಲಿ ತಿರುಗಿಸಿ. ಎರಡು ವಾರದ ಹೊತ್ತಿಗೆ ನೀರು ಡಿಕಾಕ್ಷನ್ ಥರ ಕಂದು ಬಣ್ಣಕ್ಕೆ ಬರುತ್ತೆ, ವಾಸನೆ ಜೋರಾಗೇ ಇರುತ್ತೆ, ಹೆದರಬೇಡಿ. ಸೋಸಿ 1 ಲೋಟಕ್ಕೆ 10 ಲೋಟ ನೀರು ಬೆರೆಸಿ ಬುಡಕ್ಕೆ ಮಾತ್ರ ಹಾಕಿ. ನಾನೊಮ್ಮೆ ಬೆರೆಸದೆ ಹಾಗೇ ಸುರಿದು ಬದನೆ ಸಸಿಗಳ ಎಲೆ ಅಂಚೆಲ್ಲಾ ಸುಟ್ಟೋಯ್ತು, ತುಂಬಾ ಬೇಜಾರಾಯ್ತು. ಸೊಪ್ಪಿನ ಗಿಡಗಳಿಗಂತೂ ಇದು ಸೂಪರ್, ನೈಟ್ರೋಜನ್ ಚೆನ್ನಾಗಿ ಸಿಗುತ್ತೆ. ಟೊಮ್ಯಾಟೊ ಹೂ ಬಿಟ್ಟ ಮೇಲೆ ಕಮ್ಮಿ ಮಾಡಿ, ಇಲ್ಲಾಂದ್ರೆ ಬರೀ ಎಲೆನೇ ಬರುತ್ತೆ.