ಸೋಯಾ ಹಸಿವಾಸನೆ ಬಿಟ್ಟದ್ದು ಕುದಿನೀರಿಗೆ: ನನ್ನ ಅನುಭವ

ನಮ್ಮ ಬೈಲಹೊಂಗಲದ ಕಡೆ ಮುಂಗಾರಿಗೆ ಎಲ್ಲಿ ನೋಡಿದರೂ ಸೋಯಾ. ಬೆಳೆದದ್ದೆಲ್ಲ ಎಣ್ಣೆ ಮಿಲ್ಲಿಗೆ, ಹಿಂಡಿ ಕೋಳಿಗೆ. "ಕೋಳಿ ತಿನ್ನೋದನ್ನ ಮನುಷ್ಯಾರಿಗೆ ಹಾಕ್ತೀಯೇನವ್ವಾ?" ಅಂದವರೇ ಈಗ ವಾರವಾರ ನನ್ನ ಹತ್ತಿರ ಟೋಫು, ಅಂದರೆ ಸೋಯಾ ಹಾಲು ಒಡೆಸಿ ಮಾಡಿದ ಪನೀರು, ಒಯ್ಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಹಾಕಿದ ದುಡ್ಡು ನೀರಾಯಿತು. ರಾತ್ರಿ ನೆನೆಸಿ ತಣ್ಣೀರಲ್ಲಿ ರುಬ್ಬಿದ ಹಾಲು ಒಂದೇ ಸಮ ಹಸಿ ನಾತ. ಏಲಕ್ಕಿ ಹಾಕಿದೆ, ಬೆಲ್ಲ ಹಾಕಿದೆ, ಹೋಗಲಿಲ್ಲ. ಬೇಸಿಗೆಯಲ್ಲಿ ನೆನೆಸಿದ ನೀರೇ ಹುಳಿಯಾಗಿ ಮೂಟೆಗಟ್ಟಲೆ ಕಾಳು ದನದ ಪಾಲಾಯಿತು. ಹದಿನೈದು ಸಾವಿರದ ಆಸುಪಾಸು ಹೋಗಿರಬೇಕು.

ಕೆಲಸ ಕೊಟ್ಟದ್ದು ಇದು: ನೆನೆದ ಕಾಳನ್ನು ಚಿಟಿಕೆ ಅಡುಗೆ ಸೋಡಾ ಹಾಕಿದ ಕುದಿನೀರಿಗೆ ಬಿಟ್ಟು, ಸಿಪ್ಪೆ ತೆಗೆದು, ಕುದಿನೀರು ಹಾಕಿಯೇ ರುಬ್ಬುವುದು. ವಾಸನೆ ಹುಟ್ಟಿಸುವ ಕಿಣ್ವ ಕಾಳು ಒಡೆಯುವ ಮೊದಲೇ ಸಾಯಬೇಕು. ಆಮೇಲೆ ಕುದಿಸುವುದು. ಸೋಯಾ ಹಾಲು ಕುದಿಯುವ ಮೊದಲೇ ನೊರೆ ಉಕ್ಕಿಸಿ ಮೋಸ ಮಾಡುತ್ತದೆ. ಅಲ್ಲಿಗೇ ಇಳಿಸಿದರೆ ಪ್ರೊಟೀನ್ ಜೀರ್ಣವಾಗಲು ಬಿಡದ ಅಂಶ ಉಳಿದು ಹೊಟ್ಟೆ ಕೆಡುತ್ತದೆ. ಉರಿ ತಗ್ಗಿಸಿ, ಕೈಯಾಡಿಸುತ್ತ ಇನ್ನೂ ಕಾಲು ಗಂಟೆ ಬೇಯಿಸಲೇಬೇಕು. "ಸೋಯಾ ಆಗಿಬರಲ್ಲ" ಅಂದ ಎಷ್ಟೋ ಜನಕ್ಕೆ ಆಗಿಬರದಿದ್ದದ್ದು ಅರೆಬೆಂದ ಸೋಯಾ.

ಒಂದು ಕಿಲೋ ಕಾಳಿಗೆ ಐವತ್ತು ರೂಪಾಯಿ, ಗ್ಯಾಸಿಗೆ ಇಪ್ಪತ್ತು. ಟೋಫು ಒಂದೂವರೆ ಕಿಲೋ ಮೇಲೆಯೇ ಬರುತ್ತದೆ, ಕಿಲೋಕ್ಕೆ ಇನ್ನೂರಕ್ಕೆ ಕಮ್ಮಿ ಕೊಡುವುದಿಲ್ಲ. ಹಾಲು ಒಡೆಯಲು ನಿಂಬೆರಸದ ಜೊತೆ ಏನು ಸೇರಿಸುತ್ತೇನೆ, ಎಷ್ಟು ಬಿಸಿಯಲ್ಲಿ ಅನ್ನುವುದು ನನ್ನಲ್ಲೇ ಇರಲಿ.

ಧಾರವಾಡದ ಜಿಮ್ ಹುಡುಗರಿಗೆ ಬೇರೆಯೇ ಹೆದರಿಕೆ, ಹೆಣ್ಣಿನ ಹಾರ್ಮೋನ್ ಆಗುತ್ತದಂತೆ. ಸೋಯಾದಲ್ಲಿರುವ ಐಸೊಫ್ಲೇವೋನ್ ಅನ್ನುವ ಅಂಶ ಹೆಣ್ಣಿನ ಹಾರ್ಮೋನ್ ಈಸ್ಟ್ರೊಜೆನ್‌ನಂತೆ ಕಂಡರೂ ಅದರ ಬಲ ತೀರ ಕಡಿಮೆ. ಗಂಡಸರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಗಂಡಸಿನ ಹಾರ್ಮೋನ್ ಟೆಸ್ಟೊಸ್ಟೆರಾನ್ ಇಳಿದದ್ದು ಕಂಡಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ. ಥೈರಾಯ್ಡ್ ಮಾತ್ರೆ ನುಂಗುವವರಿಗೆ ಮಾತ್ರ ನಾನೇ ಎಚ್ಚರ ಹೇಳುತ್ತೇನೆ: ಮಾತ್ರೆ ಮೈಗೆ ಹತ್ತುವುದಕ್ಕೆ ಸೋಯಾ ಅಡ್ಡ ಬರುತ್ತದೆ, ಕೆಲವು ತಾಸು ಅಂತರ ಬೇಕು, ಡಾಕ್ಟರ್ ಮಾತು ಕೇಳಬೇಕು. ನಮ್ಮ ಅತ್ತೆ ಮಾತ್ರೆ ನಸುಕಿಗೆ, ಸೋಯಾ ಹಾಲು ಮಧ್ಯಾಹ್ನ. ಹಸುವಿನ ಹಾಲಿನಷ್ಟು ಕ್ಯಾಲ್ಸಿಯಂ ಇದರಲ್ಲಿಲ್ಲ, ಮಕ್ಕಳಿಗೆ ಅದರ ಬದಲಿಗೆ ಇದು ಅಂತ ನಾನು ಮಾರಿಲ್ಲ.

ನನಗೆ ಹೆಚ್ಚು ಹಿಗ್ಗು ತಂದದ್ದು ರೊಟ್ಟಿ. ಕಾಳಿನಲ್ಲಿ ನೂರಕ್ಕೆ ನಲವತ್ತರ ಹತ್ತಿರ ಪ್ರೊಟೀನ್. ಪ್ರೊಟೀನಿನ ಒಂದು ಅಂಶವಾದ ಲೈಸಿನ್ ಜೋಳದಲ್ಲಿ ಕೊರತೆ, ಸೋಯಾದಲ್ಲಿ ಹೇರಳ. ಹುರಿದು ಬೀಸಿದ ಸೋಯಾ ಹಿಟ್ಟು ಒಂದು ಪಾಲು, ಜೋಳದ ಹಿಟ್ಟು ಒಂಬತ್ತು. ಎರಡು ಪಾಲು ಹಾಕಿದರೆ ಬಡಿಯುವಾಗಲೇ ಅಂಚು ಸೀಳುತ್ತದೆ, ಕಹಿಯೂ ಆಗುತ್ತದೆ. ಹಾಲು ಸೋಸಿ ಉಳಿದ ಚರಟದಲ್ಲಿ ಚಕ್ಕುಲಿ ಕೂಡಲಿಲ್ಲ, ಎಣ್ಣೆ ಕುಡಿಯಿತು. ವಡೆ ಚೆನ್ನಾಗಿ ಬಂತು. ಚರಟವನ್ನು ಅವತ್ತೇ ಮುಗಿಸಬೇಕು, ಸಂಜೆಗೆ ಹಳಸುತ್ತದೆ.

ಕಾಳು ಕೊಳ್ಳುವಾಗ ಮಾತ್ರ ನೋಡಿ ಕೊಳ್ಳಿ. ಬಿತ್ತನೆಗೆಂದು ಔಷಧ ಸವರಿದ ಬೀಜದ ಚೀಲ ಹಂಗಾಮು ಮುಗಿದ ಮೇಲೆ ಅಗ್ಗಕ್ಕೆ ಸಿಗುತ್ತದೆ. ಎಷ್ಟು ತೊಳೆದರೂ ಅದು ತಿನ್ನುವ ಕಾಳಲ್ಲ, ಮನೆಯೊಳಗೆ ತರಬೇಡಿ.